ಇಲವಾಲದ ಹವಾ

ಸವರಿಯಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೈಂಡಿಂಗ್ ಖಾನೆಗೆ ತಡವಾಗಿ ಬಂದ ದಿನ "ಜಟಕಾ ಸಿಗಲಿಲ್ಲ ಸ್ವಾಮಿ" ಎನ್ನುವಷ್ಟು ಸಣ್ಣ ಸುಳ್ಳೂ ಅವನ ಬಾಯಲ್ಲಿ ತೊದಲುತ್ತಿತ್ತು. ಕಿವಿ ಕೆಂಪಾಗಿ ಕೊನೆಗೆ "ನಿದ್ದೆ ಬಂದುಬುಟ್ಟಿತ್ತು" ಎಂದು ನಿಜವೇ ಹೊರಗೆ ಬೀಳುತ್ತಿತ್ತು. ಅಂಥವನು ಐವತ್ತೈದು ವರ್ಷದ ಬಾಳಿನಲ್ಲಿ ಹೇಳಿದ್ದು ಒಂದೇ ಒಂದು ದೊಡ್ಡ ಸುಳ್ಳು. ದೇವರಿಗೆ ಅವನ ಮೇಲೆ ಏನು ಸಿಟ್ಟಿತ್ತೋ, ಆ ಒಂದನ್ನು ಮಾತ್ರ ಅವನು ಚೊಕ್ಕವಾಗಿ ಹೇಳಿದ. ಕೇಳಿದವಳು ಅವನ ಹೆಂಡತಿ. ಅವಳು ನಂಬಿಬಿಟ್ಟಳು.

ಮೈಸೂರಿನಲ್ಲಿ ಚರ್ಚಿನ ಹಿಂದಿನ ಗಲ್ಲಿಯಲ್ಲಿ ಗಂಡಹೆಂಡಿರ ಎರಡು ಅಂಕಣದ ಹೆಂಚಿನ ಮನೆ. ಸವರಿಯಪ್ಪ ಒಂದು ಅಚ್ಚುಕೂಟದಲ್ಲಿ ಪುಸ್ತಕ ಹೊಲಿದು ರಟ್ಟು ಹಾಕುವವನು. ಹುಳು ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದ ಮೈದಾ ಅಂಟಿನ ವಾಸನೆ ಅವನ ಬೆರಳುಗಳನ್ನು ಭಾನುವಾರವೂ ಬಿಡುತ್ತಿರಲಿಲ್ಲ. ಹೆಂಡತಿ ಜ್ಞಾನಮ್ಮ ಚರ್ಚಿನ ಪೀಠಕ್ಕೆ ಹಾಸುವ ಬಿಳಿ ಬಟ್ಟೆಗಳ ಅಂಚಿಗೆ ಕಸೂತಿ ಹಾಕುತ್ತಿದ್ದಳು. ಮನೆಯಲ್ಲಿ ಮಕ್ಕಳಿರಲಿಲ್ಲ.

ಎರಡು ತಿಂಗಳಿಗೊಂದು ಸಲ, ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅಚ್ಚುಕೂಟ ಮುಚ್ಚಿದೊಡನೆ, ಸವರಿಯಪ್ಪ ಕೈ ತೊಳೆದು, ರುಮಾಲು ಸುತ್ತಿ, ಬುತ್ತಿಯ ಗಂಟನ್ನು ಕೊಡೆಗೆ ಸಿಕ್ಕಿಸಿಕೊಂಡು ಊರಾಚೆ ನಡೆದುಬಿಡುತ್ತಿದ್ದ. ರಾತ್ರಿ ಹಳ್ಳಿಯ ಜಗಲಿಯೊಂದರಲ್ಲಿ ಮಲಗಿ, ಭಾನುವಾರ ನಸುಕಿನಲ್ಲೇ ಹೊರಟು, ಎಂಟು ಗಂಟೆಯ ಪೂಜೆಯ ಹೊತ್ತಿಗೆ ಚರ್ಚಿನ ಬಾಗಿಲಲ್ಲಿರುತ್ತಿದ್ದ. ಇದನ್ನು ನೋಡಿ ಅಚ್ಚುಕೂಟದ ಗುಮಾಸ್ತ, ಲಕ್ಷ್ಮೀಪುರಂನ ಗೋವಿಂದರಾಜು, ಪ್ರತಿಸಲವೂ ಒಂದೇ ತಮಾಷೆ ಮಾಡುತ್ತಿದ್ದ.

"ಏನ್ ಸವರಿಯಪ್ನೋರೇ, ಹವಾ ತಿನ್ನೋಕೆ ಹೊರಟ್ರಾ? ದೊರೆಗಳು ಊಟಿಗೆ ಹೋಗ್ತಾರೆ, ನೀವು ಹೊಲದ ಬದುವಿಗೆ ಹೋಗ್ತೀರಿ. ಹವಾ ಯಾವ್ದಾದ್ರೇನು ಬುಡಿ, ಪುಕ್ಕಟೆ ಸಿಗೋದೇ ರುಚಿ!"

ಸವರಿಯಪ್ಪ ನಗುತ್ತಿದ್ದ. ಎಲ್ಲಿಗೆ ಎಂದು ಕೇಳಿದರೆ "ಇಲ್ಲೇ, ಹಳ್ಳಿ ಕಡೆ" ಎನ್ನುತ್ತಿದ್ದ. ಹೆಂಡತಿಗೂ ಅದೇ ಉತ್ತರ. ಅದು ಸುಳ್ಳಲ್ಲವಾದ್ದರಿಂದ ಅವನ ಕಿವಿ ಕೆಂಪಾಗುತ್ತಿರಲಿಲ್ಲ.

ಅವನು ಹೋಗುತ್ತಿದ್ದದ್ದು ಪ್ರತಿಸಲವೂ ಒಂದೇ ಜಾಗಕ್ಕೆ. ಹುಣಸೂರು ರಸ್ತೆಯಲ್ಲಿ ಒಂಬತ್ತು ಮೈಲಿ ನಡೆದರೆ ಇಲವಾಲ. ಊರಿಗೆ ಎರಡು ಕೂಗಳತೆ ಇರುವಾಗಲೇ ರಸ್ತೆಯ ಬಲಕ್ಕೆ ಒಂದು ಹೊಂಗೆ ಮರ, ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಮುಂದೆ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಒಂದು ಗಳಿಗೆ ನಿಲ್ಲುವುದು, ಕಸ ಗುಡಿಸುವುದು, ಕೂರುವುದು. ಇಷ್ಟೇ ಅವನು ತಿನ್ನುತ್ತಿದ್ದ ಹವಾ.

ಕಲ್ಲಿನ ಕೆಳಗೆ ಅವನ ಮಗಳಿದ್ದಳು.

ಇಪ್ಪತ್ತಮೂರು ವರ್ಷದ ಹಿಂದೆ ಪ್ಲೇಗಿನ ಮಾರಿ ಮೈಸೂರಿಗೆ ಮತ್ತೊಮ್ಮೆ ಬಂದಿತ್ತು. ಇಲಿ ಬಿದ್ದ ಮನೆಗೆಲ್ಲ ಬೀಗ ಹಾಕಿ ಜನ ಊರಾಚೆ ಜೋಪಡಿ ಕಟ್ಟಿಕೊಂಡರು. ಸವರಿಯಪ್ಪ ತುಂಬು ಬಸುರಿ ಜ್ಞಾನಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ಇಲವಾಲದ ಈಚೆಗೆ ಹೊಂಗೆ ಮರಗಳ ನೆರಳಿನಲ್ಲಿ ಸೋಗೆಯ ಗುಡಿಸಲು ಹಾಕಿದ. ಒಂದು ತಿಂಗಳು ಮುಂಚೆಯೇ ಹೆರಿಗೆಯಾಯಿತು. ಊರಿನ ಸೂಲಗಿತ್ತಿ ಬೆಳಗಿನ ಜಾವ ಬಂದು ಹೊಕ್ಕುಳಬಳ್ಳಿ ಕತ್ತರಿಸಿ, ತನ್ನ ಮನೆಯಲ್ಲೂ ಜ್ವರವಿದೆಯೆಂದು ಓಡಿಹೋದಳು. ಹೆಣ್ಣು ಕೂಸು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು. ನಡುಹಗಲಿಗೆ ಅದರ ತುಟಿ ನೀಲಿಯಾಗತೊಡಗಿತು, ಉಸಿರು ನಿಂತು ನಿಂತು ಬರತೊಡಗಿತು.

ಸವರಿಯಪ್ಪನ ತಲೆಯೊಳಗೆ ಒಂದೇ ಮಾತು: ಜ್ಞಾನಸ್ನಾನವಿಲ್ಲದೆ, ತಲೆಗೆ ದೇವರ ಹೆಸರಿನ ನೀರು ಬೀಳದೆ, ಕೂಸು ಹೋಗಬಾರದು. ಹಾಗೆ ಹೋದ ಕೂಸಿಗೆ ಮೋಕ್ಷವಿಲ್ಲ ಎಂದು ಹಿರಿಯರು ಹೇಳಿಕೊಟ್ಟಿದ್ದರು. ಅದು ಸೇರುವ ಜಾಗದಲ್ಲಿ ನೋವಿಲ್ಲ, ಸಂಕಟವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ, ಹೆತ್ತವರ ಮುಖವೂ ಕಾಣುವುದಿಲ್ಲ. ಅವನು ಎದ್ದವನೇ ಚರ್ಚಿನ ಸ್ವಾಮಿಗಳನ್ನು ಕರೆತರಲು ಮೈಸೂರಿನ ಕಡೆ ಬರಿಗಾಲಿನಲ್ಲಿ ಓಡಿದ.

ಆ ಮತದವನು ಮಾಡಬಾರದಿದ್ದ ತಪ್ಪು ಅದು. ಸ್ವಾಮಿಗಳು ಸಿಗದಿದ್ದರೆ, ಸಾಯುವ ಕೂಸಿನ ತಲೆಯ ಮೇಲೆ ಯಾರು ಬೇಕಾದರೂ ನೀರು ಹೊಯ್ದು ದೇವರ ಹೆಸರು ಹೇಳಿ ನಾಲ್ಕು ಮಾತು ಆಡಿದರೆ ಸಾಕು, ಜ್ಞಾನಸ್ನಾನ ಸಂದಿತು. ಇದು ಉಪದೇಶದ ಪುಸ್ತಕದಲ್ಲಿದೆ. ಏಳನೇ ವಯಸ್ಸಿನಲ್ಲಿ ಸವರಿಯಪ್ಪ ಅದನ್ನು ಬಾಯಿಪಾಠ ಮಾಡಿದ್ದ. ದೊಡ್ಡವನಾದ ಮೇಲೆ ಅದೇ ಪುಸ್ತಕದ ನೂರಾರು ಪ್ರತಿಗಳನ್ನು ತನ್ನ ಕೈಯಾರೆ ಹೊಲಿದು ರಟ್ಟು ಹಾಕಿದ್ದ. ಗುಡಿಸಲಿನ ಮೂಲೆಯಲ್ಲಿ ತುಂಬಿದ ಗಡಿಗೆ ನೀರಿತ್ತು. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಎಂದು ನಾವು ಯಾರನ್ನೋ ನೋಡಿ ನಗುತ್ತೇವೆ. ಮನುಷ್ಯನಿಗೆ ಗಾಬರಿಯಾದಾಗ ಬೆಣ್ಣೆ ಕಣ್ಣಿಗೆ ಬೀಳುವುದೇ ಇಲ್ಲ.

ಸ್ವಾಮಿಗಳು ಊರಿನಲ್ಲಿರಲಿಲ್ಲ, ಪ್ಲೇಗಿನವರ ಶೆಡ್ಡುಗಳಲ್ಲಿ ತಿರುಗುತ್ತಿದ್ದರು. ಹುಡುಕಿ, ಎತ್ತಿನ ಗಾಡಿ ಹಿಡಿದು ಕರೆತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಜ್ಞಾನಮ್ಮ ಮೈಮೇಲೆ ಪ್ರಜ್ಞೆಯಿಲ್ಲದೆ ಜ್ವರದಲ್ಲಿ ಬಿದ್ದಿದ್ದಳು. ಎದೆಯ ಮೇಲಿದ್ದ ಕೂಸು ತಣ್ಣಗಾಗಿತ್ತು. ಗಡಿಗೆಯ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಬೆಕ್ಕು ಬಂದಿತ್ತೇನೋ ಎಂದುಕೊಂಡು ಸವರಿಯಪ್ಪ ಅದನ್ನೆತ್ತಿ ಗಡಿಗೆಗೆ ಮುಚ್ಚಿದ. ಅಂಥ ಹೊತ್ತಿನಲ್ಲೂ ಕೈ ಇಂಥ ಕೆಲಸ ಮಾಡುತ್ತದೆ.

"ನೀನು ನೀರು ಹಾಕಿದೆಯೇನಪ್ಪ?" ಎಂದು ಸ್ವಾಮಿಗಳು ಮೆಲ್ಲಗೆ ಕೇಳಿದರು.

ಆಗ ಅವನಿಗೆ ನೆನಪಾಯಿತು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಸ್ವಾಮಿಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಸಮಾಧಿಭೂಮಿಯಲ್ಲಿ ಜಾಗವಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡರು. ಹೊಂಗೆ ಮರದ ಬುಡದಲ್ಲಿ ಸವರಿಯಪ್ಪನೇ ಗುಂಡಿ ತೋಡಿದ.

ಹನ್ನೆರಡು ದಿನದ ಮೇಲೆ ಜ್ಞಾನಮ್ಮ ಕಣ್ಣು ಬಿಟ್ಟಳು. ಮೊದಲು ಕೇಳಿದ್ದೇ "ಪಾಪು?" ಎಂದು. ಅವನು ಅವಳ ಕಣ್ಣನ್ನೇ ನೋಡಿಕೊಂಡು, ತೊದಲದೆ, ಕಿವಿ ಕೆಂಪಾಗದೆ ಹೇಳಿದ. ಸ್ವಾಮಿಗಳು ಹೊತ್ತಿಗೆ ಸರಿಯಾಗಿ ಬಂದರು, ನೀರು ಹಾಕಿದರು, ಪುಷ್ಪಮೇರಿ ಎಂದು ಹೆಸರಿಟ್ಟರು, ಆಮೇಲೇ ಕೂಸು ಹೋಯಿತು, ಚರ್ಚಿನ ಸಮಾಧಿಭೂಮಿಯಲ್ಲೇ ಮಣ್ಣು ಮಾಡಿದೆ. ಅವಳು ಅವನ ಕಾಲಿನ ಕಡೆ ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ "ಆಗ್ಲಿ, ಸದ್ಯ" ಎಂದು ಗೋಡೆಯ ಕಡೆ ತಿರುಗಿದಳು.

ಒಂದು ಸುಳ್ಳು ಇನ್ನೊಂದನ್ನು ಹೆರುತ್ತದೆ. ಪ್ಲೇಗು ಇಳಿದು ಊರಿಗೆ ಮರಳಿದಾಗ ಅವಳು ಸಮಾಧಿ ತೋರಿಸಿ ಎಂದಳು. ಆ ವರ್ಷ ಅಲ್ಲಿ ಹೆಸರಿಲ್ಲದ ಹೊಸ ದಿಬ್ಬಗಳಿಗೆ ಬರವಿರಲಿಲ್ಲ. ಪಕ್ಕದ ಗೋಡೆಯ ಬಳಿ ಯಾರದೋ ಒಂದು ಪುಟ್ಟ ದಿಬ್ಬವಿತ್ತು. ಅವನು ಬೆರಳು ಮಾಡಿ ತೋರಿಸಿದ.

ಅಂದಿನಿಂದ ಜ್ಞಾನಮ್ಮ ಆ ದಿಬ್ಬದ ತಾಯಿಯಾದಳು. ನವೆಂಬರ್ ಎರಡರಂದು, ಸತ್ತವರ ಸಮಾಧಿಗೆಲ್ಲ ಮೇಣದ ಬತ್ತಿ ಹಚ್ಚುವ ದಿನ, ಅವಳು ಬೆಳಗ್ಗೆಯೇ ಹೋಗಿ ಹುಲ್ಲು ಕಿತ್ತು, ನೀರು ಚಿಮುಕಿಸಿ, ಪನ್ನೀರು ಗುಲಾಬಿ ಇಟ್ಟು, ಮಣ್ಣನ್ನು ಕೂಸಿನ ತಲೆ ಸವರುವಂತೆ ಸವರುತ್ತ ಏನೋ ಹೆಸರು ಕರೆಯುತ್ತಿದ್ದಳು. ಸವರಿಯಪ್ಪ ಹತ್ತು ಹೆಜ್ಜೆ ದೂರ ನಿಲ್ಲುತ್ತಿದ್ದುದರಿಂದ ಆ ಹೆಸರು ಅವನಿಗೆ ಎಂದೂ ಕೇಳಿಸಲಿಲ್ಲ. ಮನೆಯಲ್ಲಿ ಸಂಜೆ ಜಪಮಾಲೆ ಮುಗಿದ ಮೇಲೆ ಅವಳು ದಿನವೂ ಒಂದು ಮಾತು ಸೇರಿಸುತ್ತಿದ್ದಳು: "ಮೋಕ್ಷದಲ್ಲಿರೋ ನನ್ನ ಕಂದಾ, ನಿಮ್ಮಪ್ಪನ್ನ ಕಾಪಾಡು." ಅದನ್ನು ಕೇಳಿದಾಗಲೆಲ್ಲ ಸವರಿಯಪ್ಪನಿಗೆ ಒಂದೇ ಭಯ. ನಾಳೆ ಇವಳು ಸಾಯುತ್ತಾಳೆ, ಇವಳಂಥವಳು ನೇರ ಮೋಕ್ಷಕ್ಕೇ ಹೋಗುತ್ತಾಳೆ, ಹೋದವಳೇ ಮಗುವನ್ನು ಹುಡುಕುತ್ತಾಳೆ. ಅಲ್ಲಿ ಮಗು ಇರುವುದಿಲ್ಲ. ಅದಕ್ಕೆ ಮುಂಚೆ ಹೇಳಿಬಿಡಬೇಕು. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ತಲೆ ನರೆಯಿತು.

ಸಾವಿರದ ಒಂಬೈನೂರ ಇಪ್ಪತ್ತೊಂಬತ್ತನೇ ಇಸವಿ, ಸೆಪ್ಟೆಂಬರ್. ಜ್ಞಾನಮ್ಮನ ಕಣ್ಣು ಮಂಜಾಗಿ ಕಸೂತಿ ನಿಂತಿತ್ತು. ಕೂತು ಕೂತು ಮೈ ಭಾರವಾಗಿದೆ, ನಾಲ್ಕು ಹೆಜ್ಜೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಶನಿವಾರ ಸವರಿಯಪ್ಪ ಮನೆಗೆ ಬಂದರೆ ಬುತ್ತಿ ಎರಡು ಗಂಟಾಗಿತ್ತು.

"ನಾನೂ ಬರ್ತೀನಿ ಕಣ್ರೀ. ಇಷ್ಟು ವರ್ಷ ಒಬ್ರೇ ತಿಂದ್ರಲ್ಲ ಆ ಹವಾನ, ನಂಗೂ ಒಂದಿಷ್ಟು ಸಿಗ್ಲಿ."

"ದೂರ ಕಣೇ. ಬ್ಯಾಡ. ಕಾಲು ನೋಯ್ತದೆ" ಎಂದ.

"ನೋಯ್ಲಿ ಬುಡಿ."

ಶ್ರೀರಾಂಪುರದ ಕಡೆ ಕರೆದುಕೊಂಡು ಹೋಗಿ, ಯಾವುದಾದರೂ ಹುಣಸೆ ಮರದಡಿ ಬುತ್ತಿ ಬಿಚ್ಚಿ, ಸಂಜೆಗೆ ಮನೆ ಸೇರಿಸಿಬಿಡಬೇಕೆಂದು ಅವನು ಲೆಕ್ಕ ಹಾಕಿದ. ಆದರೆ ಊರಿಗೆ ಬಂದೋಳು ನೀರಿಗೆ ಬರದೆ ಇರುತ್ತಾಳೆಯೇ? ಕೂಡುರಸ್ತೆಯಲ್ಲಿ ಅವನು ಎಡಕ್ಕೆ ತಿರುಗಿದರೆ ಅವಳು ನಿಂತುಬಿಟ್ಟಳು.

"ಇಲವಾಲದ ಕಡೆ ಹೋಗೋಣ. ಆವತ್ತಿಂದ ಆ ರಸ್ತೇಲಿ ಕಾಲಿಟ್ಟಿಲ್ಲ ನಾನು. ಗುಡಿಸ್ಲು ಇದ್ದ ಜಾಗ ಒಂದ್ಸಲ ನೋಡ್ಬೇಕು ಅನ್ನಿಸ್ತದೆ. ಪಾಪು ಹುಟ್ಟಿದ ಜಾಗ ಅಲ್ವಾ?"

ಇಬ್ಬರೂ ಪಡುವಲಕ್ಕೆ ನಡೆದರು.

ಮಳೆ ನಿಂತು ವಾರವಾಗಿತ್ತು. ರಸ್ತೆಯ ಎರಡೂ ಕಡೆ ರಾಗಿ ಪೈರು ಮೊಣಕಾಲೆತ್ತರ ಬೆಳೆದು ಬಿಸಿಲಿಗೆ ಹೊಳೆಯುತ್ತಿತ್ತು. ಹಿನಕಲ್ ದಾಟಿದ ಮೇಲೆ ಗಾಡಿಗಳೂ ವಿರಳವಾದವು. ಒಂದು ಮೋಟಾರು ಬಸ್ಸು ಧೂಳೆಬ್ಬಿಸಿ ಹೋಯಿತು, ಆಮೇಲೆ ಹಕ್ಕಿಗಳ ಸದ್ದು ಬಿಟ್ಟರೆ ಏನಿಲ್ಲ. ಜ್ಞಾನಮ್ಮ ಮಗುವಿನಂತೆ ಖುಷಿಯಾಗಿದ್ದಳು. ಹುಚ್ಚೆಳ್ಳಿನ ಹೂವು ಕಿತ್ತಳು, ಬಾವಿಕಟ್ಟೆಯ ಹೆಂಗಸರ ಹತ್ತಿರ ನೀರು ಕೇಳಿ ಕುಡಿದಳು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ಕೊಟ್ಟಳು. "ಇಂಥಾ ಸುಖಾನ ಬಚ್ಚಿಟ್ಕೊಂಡಿದ್ರಲ್ಲಾ, ಕಳ್ಳ ನೀವು" ಎಂದಳು. ಒಂದೊಂದು ಮೈಲಿಗಲ್ಲು ಬಂದಾಗಲೂ ಸವರಿಯಪ್ಪ ಇಲ್ಲಿ ಹೇಳುತ್ತೇನೆ ಎಂದುಕೊಂಡ. ಏಳು ಮೈಲಿಗಲ್ಲು ಹಾಗೆಯೇ ಹಿಂದೆ ಹೋದವು. ಕೊನೆಗೆ, ಹೇಳುವುದೇ ಬೇಡ, ಮರ ದಾಟಿ ಮುಂದೆ ಹೋಗಿ ಎಲ್ಲೋ ಒಂದು ಬಯಲು ತೋರಿಸಿ ಇಲ್ಲೇ ಗುಡಿಸಲಿತ್ತು ಎಂದರಾಯಿತು ಎಂದು ಗಟ್ಟಿ ಮಾಡಿಕೊಂಡ. ಸುಳ್ಳು ಹೇಳಲು ಬಾರದವನು ಎರಡನೇ ಸುಳ್ಳು ದಿಬ್ಬಕ್ಕೆ ಸಿದ್ಧನಾದ.

ಆದರೆ ಮೈಗೆ ಅಭ್ಯಾಸವೆಂಬುದೊಂದಿದೆ. ಹೊಂಗೆ ಮರದ ಬಳಿ ಬಂದೊಡನೆ ಅವನ ಕಾಲು ತಾನಾಗಿ ನಿಂತಿತು. ಕೈ ತಾನಾಗಿ ಮೇಲೆ ಹೋಗಿ ರುಮಾಲು ತೆಗೆದು ಕಂಕುಳಿಗೆ ಸೇರಿಸಿತು.

ಜ್ಞಾನಮ್ಮ ಎರಡು ಹೆಜ್ಜೆ ಮುಂದೆ ಹೋಗಿದ್ದವಳು ತಿರುಗಿದಳು. "ಯಾಕ್ರೀ ರುಮಾಲು ತೆಗೆದ್ರಿ?"

ಅವಳು ಅವನ ಮುಖ ನೋಡಿದಳು, ಮರ ನೋಡಿದಳು, ಗುಡಿಸಿ ಗುಡಿಸಿ ಬೋಳಾಗಿದ್ದ ನೆಲವನ್ನೂ ಕಲ್ಲನ್ನೂ ನೋಡಿದಳು.

"ಇಲ್ಲೇ ಅವ್ಳೆ ಕಣೇ ನಮ್ಮ ಪಾಪು" ಎಂದ ಸವರಿಯಪ್ಪ.

ಆಮೇಲೆ ಎಲ್ಲವನ್ನೂ ಹೇಳಿದ. ನಿಂತುಕೊಂಡೇ ಹೇಳಿದ, ಚರ್ಚಿನಲ್ಲಿ ಪಾಪ ಒಪ್ಪಿಸುವವನ ಹಾಗೆ ನೆಲ ನೋಡಿಕೊಂಡು. ಗಡಿಗೆಯ ತುಂಬ ನೀರಿತ್ತು, ನನಗೆ ತೋಚಲಿಲ್ಲ, ಓಡಿಬಿಟ್ಟೆ. ಸ್ವಾಮಿಗಳು ಬರುವಷ್ಟರಲ್ಲಿ ಹೋಗಿತ್ತು. ನೀರು ಬೀಳಲಿಲ್ಲ, ಹೆಸರೂ ಬೀಳಲಿಲ್ಲ. ನಮ್ಮ ಮಗು ಮೋಕ್ಷದಲ್ಲಿಲ್ಲ ಜ್ಞಾನ, ನೀನು ಹೋದರೂ ನಿನಗೆ ಸಿಗುವುದಿಲ್ಲ, ಅದನ್ನು ಮಾಡಿದವನು ನಾನು.

ಜ್ಞಾನಮ್ಮ ಮುಂದೆ ಹೋಗಿದ್ದ ಎರಡು ಹೆಜ್ಜೆ ಹಿಂದಕ್ಕೆ ಬಂದಳು.

"ನೀರು ನಾನು ಹಾಕಿದ್ನಲ್ರೀ" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ನೀವು ಓಡೋದ್ರಿ. ನೀವು ಬರೋಗಂಟ ಪಾಪು ಇರಾಕಿಲ್ಲ ಅಂತ ನಂಗೆ ಗೊತ್ತಾಗೋಯ್ತು. ತೆವಳ್ಕೊಂಡ್ ಹೋಗಿ ಗಡಿಗೆ ಮುಚ್ಚಳ ತಳ್ಳಿ ಬೊಗಸೇಲಿ ನೀರು ತಂದೆ. ಅರ್ಧ ಚೆಲ್ಲೋಯ್ತು. ಉಳ್ದಿದ್ದನ್ನ ತಲೆ ಮೇಲೆ ಹಾಕಿ, ಪಿತ ಸುತ ಪವಿತ್ರಾತ್ಮನ ಹೆಸ್ರಲ್ಲಿ ಅಂತ ಎಲ್ಲಾ ಹೇಳ್ದೆ. ನಿಮ್ಮಮ್ಮನ ಹೆಸರಿಟ್ಟೆ. ರೋಸಮ್ಮ ಅಂತ. ಆಮೇಲೆ ನಂಗೆ ಗ್ಯಾನ ಇರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ನಂಗೆ?" ಎಂದ.

"ಎಚ್ಚರ ಆದಾಗ ನೀವು ಏನಂದ್ರಿ? ಸ್ವಾಮಿಯೋರು ಹೊತ್ತಿಗೆ ಸರಿಯಾಗಿ ಬಂದ್ರು ಅಂದ್ರಿ. ನಿಮ್ಮ ಕಾಲು ನೋಡ್ದೆ. ಅಂಗಾಲೆಲ್ಲ ಒಡ್ದು ಬಟ್ಟೆ ಸುತ್ಕೊಂಡಿದ್ರಿ. ಇಷ್ಟು ಓಡ್ದೋರಿಗೆ, ನೀವು ಓಡಿದ್ದು ದಂಡ, ಕೆಲ್ಸ ಆಗಿತ್ತು ಅಂತ ಎಂಗೆ ಹೇಳ್ಲಿ? ಒಂದೇ ಕೂಸಿಗೆ ಎರಡು ಸಲ ನೀರು ಹಾಕಿದ್ರೆ ದೋಷ ಅಂತಾರೆ. ಆ ದೋಷ ನನ್ನ ತಲೆ ಮೇಲೆ ಇರ್ಲಿ, ನೀವು ಓಡಿದ್ದು ನಿಮಗಿರ್ಲಿ ಅಂದ್ಕೊಂಡೆ."

ನೆಲದ ಮೇಲೆ ಬಿದ್ದಿದ್ದ ಆ ಮುಚ್ಚಳ ಸವರಿಯಪ್ಪನ ಕಣ್ಣ ಮುಂದೆ ಬಂತು. ಅವನು ನೆಲದ ಮೇಲೆ ಕೂತ. ಮಗು ಮೋಕ್ಷದಲ್ಲಿತ್ತು. ಇಪ್ಪತ್ತಮೂರು ವರ್ಷವೂ ಅಲ್ಲೇ ಇತ್ತು. ಅವನಿಗೆ ನಗು ಬಂದಂತಾಯಿತು, ಕೈ ಮುಗಿಯಬೇಕೆನ್ನಿಸಿತು, "ಜ್ಞಾನ, ಹಂಗಾದ್ರೆ ಅವಳು" ಎಂದು ಶುರುಮಾಡಿದ.

ಜ್ಞಾನಮ್ಮನ ಮುಖದಲ್ಲಿ ನಗುವಿರಲಿಲ್ಲ.

"ಹಂಗಾದ್ರೆ ಇಷ್ಟು ವರ್ಷ ನಾನು ಸವರಿದ್ದು ಯಾರ ತಲೇನ?" ಎಂದಳು.

"ನನ್ನ ಮಗಳಿಗೆ ಅಲ್ಲಿ ಜಾಗ ಇತ್ತು. ನೀರು ಬಿದ್ದಿತ್ತು ಅವಳಿಗೆ. ಎಲ್ಲಾರ ಜೊತೆ ಮಲ್ಗಬೇಕಾಗಿತ್ತು. ಇಲ್ಲಿ ಗಾಡಿ ಧೂಳಲ್ಲಿ, ದಿಕ್ಕಿಲ್ಲದೋಳ ಹಂಗೆ ಒಬ್ಳೇ ಬಿದ್ದವ್ಳೆ. ನಾನು ಅಲ್ಲಿ ಗೋಡೆ ಪಕ್ಕ ಯಾರ ಮಗೂಗೋ ಹೂವು ಇಟ್ಕೊಂಡಿದ್ದೆ." ಅವಳು ಕಲ್ಲಿನ ಪಕ್ಕ ಕೂತಳು. "ನಿಮಗೆ ಅಳೋಕೆ ಒಂದು ಜಾಗ ಇತ್ತು. ಎರಡು ತಿಂಗಳಿಗೊಂದ್ಸಲ ಬಂದು ಅತ್ಕೊಂಡು ಹೋದ್ರಿ. ನಂಗೆ ಯಾರ್ದೋ ಮಣ್ಣು ತೋರ್ಸಿ ಕಳ್ಸಿದ್ರಿ."

"ತಲೆ ಯಾವ ಕಡೆ?" ಎಂದು ಕೇಳಿದಳು. ಅವನು ತೋರಿಸಿದ. ಅವಳು ಕೈ ಚಾಚಿದವಳು, ಮಣ್ಣು ಮುಟ್ಟುವ ಮುಂಚೆ ಹಿಂದಕ್ಕೆಳೆದುಕೊಂಡಳು. ಅಷ್ಟು ವರ್ಷ ಒಂದು ದಿಬ್ಬವನ್ನು ಸವರಿದ ಕೈಗೆ ಈ ನೆಲ ಹೊಸದಾಗಿತ್ತು. ಕೊನೆಗೆ ಸೆರಗಿನಿಂದ ಕಲ್ಲಿನ ಧೂಳು ಒರೆಸಿ, ದಾರಿಯಲ್ಲಿ ಕಿತ್ತ ಹುಚ್ಚೆಳ್ಳಿನ ಹೂವಿಟ್ಟು, "ರೋಸಮ್ಮಾ" ಎಂದಳು. ಸವರಿಯಪ್ಪ ಮಗಳ ಹೆಸರನ್ನು ಕೇಳಿದ್ದು ಅದೇ ಮೊದಲು.

ಅಂದು ಇಲವಾಲದಲ್ಲಿ, ಅವನು ಯಾವಾಗಲೂ ತಂಗುತ್ತಿದ್ದ ಶಿವಮಲ್ಲಪ್ಪನ ಮನೆಯಲ್ಲಿ ಇಬ್ಬರೂ ಉಳಿದರು. ಬೆಳಗ್ಗೆ ಮೈಸೂರಿಗೆ ಮರಳುವಾಗ ಅವಳು ಮುಂದೆ, ಅವನು ಹಿಂದೆ. ಒಂಬತ್ತು ಮೈಲಿ ಒಂದು ಮಾತಿಲ್ಲ. ಮನೆಯಲ್ಲೂ ಮಾತು ನಿಂತಿತು. ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಗೆದು ಮಡಿಸಿಡುತ್ತಿದ್ದಳು. ಜಪಮಾಲೆ ಮುಗಿದ ಮೇಲೆ ಸೇರಿಸುತ್ತಿದ್ದ ಆ ಒಂದು ಮಾತನ್ನು ಮಾತ್ರ ಬಿಟ್ಟುಬಿಟ್ಟಳು.

ಸವರಿಯಪ್ಪ ಈಗಿನ ಸ್ವಾಮಿಗಳ ಮುಂದೆ ಎಲ್ಲವನ್ನೂ ಒಪ್ಪಿಸಿದ. ತಾಯಿಯ ಕೈಯ ನೀರೂ ನಮ್ಮ ಕೈಯ ನೀರೂ ಒಂದೇ, ಅಸ್ಥಿ ತೆಗೆದುಕೊಂಡು ಬಾ, ಇಲ್ಲೇ ಜಾಗ ಕೊಡುತ್ತೇನೆ ಎಂದರು ಅವರು. ಅವನು ಹೊಸ ಬಿಳಿ ಬಟ್ಟೆ ಹಿಡಿದುಕೊಂಡು ಹೋದ. ಶಿವಮಲ್ಲಪ್ಪ ಹಾರೆ ತಂದ. ಕಲ್ಲೆತ್ತಿ ಮೊಣಕಾಲುದ್ದ ಅಗೆದರು, ಇನ್ನೂ ಅಗೆದರು. ಹೊಂಗೆಯ ಬೇರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. "ಎಳೇ ಮೂಳೆ ಸವರಿಯಪ್ನೋರೇ, ಮರ ತಕ್ಕೊಂಡ್ಬುಟ್ಟದೆ" ಎಂದ ಶಿವಮಲ್ಲಪ್ಪ. ಮಣ್ಣು ಮುಚ್ಚಿ ಕಲ್ಲಿಟ್ಟು, ಮಡಿಸಿದ ಬಟ್ಟೆಯನ್ನು ಹಾಗೆಯೇ ಮನೆಗೆ ತಂದ. ಜ್ಞಾನಮ್ಮ ಅದನ್ನು ನೋಡಿದಳು, ತೆಗೆದು ಪೆಟ್ಟಿಗೆಯೊಳಗಿಟ್ಟಳು.

ಆ ವರ್ಷ ನವೆಂಬರ್ ಎರಡು ಶನಿವಾರವೇ ಬಂತು. ಮಧ್ಯಾಹ್ನ ಅವನು ಬರುವ ಹೊತ್ತಿಗೆ ಜ್ಞಾನಮ್ಮ ಬುತ್ತಿ ಕಟ್ಟಿ, ಎರಡು ಮೇಣದ ಬತ್ತಿ, ಗುಲಾಬಿ ಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡೂ ಬತ್ತಿ ಹೊಂಗೆ ಮರಕ್ಕೆ ಎಂದುಕೊಂಡು ಅವನು ಹಿಂದೆ ನಡೆದ. ಅವಳು ಹುಣಸೂರು ರಸ್ತೆಗೆ ಹೋಗಲಿಲ್ಲ. ಚರ್ಚಿನ ಸಮಾಧಿಭೂಮಿಯ ಬಾಗಿಲು ದಾಟಿ, ಗೋಡೆಯ ಪಕ್ಕದ ಆ ದಿಬ್ಬದ ಮುಂದೆ ಕೂತಳು. ಹುಲ್ಲು ಕಿತ್ತಳು. ಹೂವಿಟ್ಟಳು. ಸವರಿಯಪ್ಪ ಎಂದಿನ ಹತ್ತು ಹೆಜ್ಜೆ ದೂರದಲ್ಲಿ ನಿಂತ.

"ಹತ್ರ ಬನ್ನಿ" ಎಂದಳು. ಆರು ವಾರದ ಮೇಲೆ ಆಡಿದ ಮೊದಲ ಮಾತು.

ಅವನು ಬಂದು ಪಕ್ಕದಲ್ಲಿ ಮಂಡಿಯೂರಿದ.

"ಇದನ್ನ ಯಾರೂ ಕೇಳ್ಕೊಂಡ್ ಬರ್ಲಿಲ್ಲ. ಹೆತ್ತೋರೂ ಅದೇ ಪ್ಲೇಗಲ್ಲಿ ಹೋದ್ರೋ ಏನೋ. ನಾನು ಇದರ ತಾಯಿ ಅಲ್ಲ ಅಂತ ಇದಕ್ಕೇನು ಗೊತ್ತು? ಇಪ್ಪತ್ಮೂರು ವರ್ಷ ಬಂದೋಳು ಈ ವರ್ಷ ಬರ್ದೇ ಇದ್ರೆ ಬಾಗ್ಲು ನೋಡ್ಕೊಂಡಿರ್ತದೆ." ಅವಳು ಬತ್ತಿಯನ್ನು ಮಣ್ಣಿಗೆ ಊರಿದಳು. "ರೋಸಮ್ಮ ಅಂತ ಇನ್ಮೇಲೆ ಕರೆಯಾಕಾಗಲ್ಲ. ಹೆಸರಿಲ್ಲದೆ ಎಂಗೆ ಕರೀಲಿ ಅಂತ ಆರು ವಾರದಿಂದ ಯೋಚ್ನೆ ಮಾಡ್ತಿದೀನಿ. ಆವತ್ತು ನೀವು ಪುಷ್ಪಮೇರಿ ಅಂತ ಒಂದು ಹೆಸ್ರು ಹೇಳಿದ್ರಲ್ಲ. ಅದು ಯಾರ್ಗೂ ಬೇಡವಾಗಿ ಬಿದ್ದದೆ. ಇದಕ್ಕೇ ಇರ್ಲಿ."

ಹೆಂಡತಿಯ ಮುಂದೆ ಎಂದೂ ಅಳದ ಸವರಿಯಪ್ಪ, ಮೈಲುತುತ್ತದ ವಾಸನೆಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸಮಾಧಿಭೂಮಿಗೆ ಬಂದ ಜನರೆಲ್ಲ ತಿರುಗಿ ನೋಡುವ ಹಾಗೆ ಅತ್ತ. ಜ್ಞಾನಮ್ಮ ಸಮಾಧಾನ ಮಾಡಲಿಲ್ಲ. ಅವನು ಅತ್ತು ಮುಗಿಸುವವರೆಗೂ, ಗಾಳಿಗೆ ಬತ್ತಿ ಆರದಂತೆ ಅಂಗೈ ಅಡ್ಡ ಹಿಡಿದು ಕೂತಿದ್ದಳು. ಆಮೇಲೆ ಉಳಿದ ಬತ್ತಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಎದ್ದಳು.

"ಏಳಿ. ರುಮಾಲು ಸುತ್ಕೊಳ್ಳಿ. ಒಂಬತ್ತು ಮೈಲಿ ನಡೀಬೇಕು, ದೊಡ್ಡೋಳು ಕಾಯ್ತಿರ್ತಾಳೆ."